ಎಳೆಯರ ಮಾದಕವ್ಯಸನವೂ ಹಿರಿಯರ ಹೊಣೆಯೂ: ಕಲಬುರಗಿ ಸೀಮೆಯ ಚರಿತ್ರೆಯಿಂದ ಒಂದು ವಿವೇಚನೆ

ಹರೆಯದ ಹುಡುಗರು ಮಾದಕವಸ್ತುಗಳಿಗೆ ವಶರಾಗುವುದು ಇತ್ತೀಚೆಗೆ ಹುಟ್ಟಿದ ಕೇಡೆಂಬ ಭಾವನೆ ಜನರಲ್ಲಿ ಬಲವಾಗಿದೆ. ಪಟ್ಟಣದ ಬೆಳವಣಿಗೆ, ಕಾಸಿನ ಸಲೀಸು, ಹೊರಗಿನಿಂದ ಬಂದ ನಡೆವಳಿಕೆ ಮೊದಲಾದುವನ್ನು ಅದಕ್ಕೆ ಕಾರಣವಾಗಿ ಹೇಳುವುದು ವಾಡಿಕೆ. ಇವುಗಳಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಎಳೆಯನ ಪಾನದೋಷಕ್ಕೆ ಹೊಣೆಗಾರರು ಯಾರು ಎಂಬ ಪ್ರಶ್ನೆ ಮಾತ್ರ ಹೊಸದಲ್ಲ. ಕಲಬುರಗಿ, ಕಲ್ಯಾಣಗಳ ಸೀಮೆಯಲ್ಲಿ ಆ ಪ್ರಶ್ನೆಯನ್ನು ಒಂಬೈನೂರು ವರ್ಷಗಳ ಹಿಂದೆಯೇ ಧರ್ಮಶಾಸ್ತ್ರಜ್ಞರು ಎತ್ತಿ, ಅದಕ್ಕೆ ಖಚಿತವಾದ ಒಂದು ಉತ್ತರವನ್ನೂ ಕೊಟ್ಟಿದ್ದರು. ಆ ಬಳಿಕ ಬಂದ ಅರಸೊತ್ತಿಗೆಗಳಲ್ಲಿ ಉತ್ತರವು ಮರೆಯಾಯಿತು. ಇಪ್ಪತ್ತೊಂದನೆಯ ಶತಮಾನದ ಶಾಸನಗಳಲ್ಲಿ ಅದು ಬೇರೆ ಮಾತುಗಳಲ್ಲಿ ಮರಳಿ ಕಾಣಿಸಿಕೊಂಡಿದೆ. ಈ ಜಾಡನ್ನು ಕಾಲಕ್ರಮವಾಗಿ ಗುರುತಿಸಿ, ಇಂದಿನ ಕಲಬುರಗಿ ನಗರಕ್ಕೂ ಕಮಲಾಪುರ ತಾಲ್ಲೂಕಿಗೂ ಅದರಿಂದ ಏನು ತಿಳಿದುಬರುತ್ತದೆಂಬುದನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

೧. ಪದವಿಚಾರ

ವಿಷಯಪ್ರವೇಶಕ್ಕೆ ಮೊದಲು ಕೆಲವು ಪದಗಳನ್ನು ನೋಡುವುದು ಯುಕ್ತ. ಕಳ್ಳು, ಹೆಂಡ ಎಂಬುವು ದೇಶ್ಯಪದಗಳು. ಸುರೆ, ಮಧು, ಮದ್ಯ, ಆಸವ ಎಂಬುವು ಸಂಸ್ಕೃತದಿಂದ ಬಂದುವು. ಸೇಂದಿ ಅಥವಾ ಶಿಂದಿ ಎಂಬುದು ಈಚಲಮರದ ಹೆಂಡಕ್ಕೆ ಉತ್ತರದ ನೆರೆಭಾಷೆಗಳಿಂದ ಬಂದ ಹೆಸರು. ಕಲಬುರಗಿ, ಬೀದರು, ರಾಯಚೂರುಗಳಲ್ಲಿ ಹೆಂಡವೆಂಬುದಕ್ಕಿಂತ ಇದೇ ಹೆಚ್ಚಾಗಿ ಬಳಕೆಯಲ್ಲಿದೆ. ಅಫೀಮು, ತಂಬಾಕು, ನಶೆ ಎಂಬ ಶಬ್ದಗಳು ಮುಸಲ್ಮಾನರ ಆಳ್ವಿಕೆಯ ಕಾಲದಲ್ಲಿ ನೆಲೆಯೂರಿದುವು.

ಇವೆಲ್ಲಕ್ಕಿಂತ ಗಮನಿಸತಕ್ಕ ಶಬ್ದಗಳು ಎರಡು. ಮೊದಲನೆಯದು ‘ಅಮಲು’. ಕೆಲಸ, ಕಾರ್ಯನಿರ್ವಹಣೆ ಎಂಬರ್ಥದ ಈ ಅರಬ್ಬೀ ಶಬ್ದವು ಕನ್ನಡದಲ್ಲಿ ಎರಡು ದಾರಿ ಹಿಡಿಯಿತು. ಒಂದು ದಾರಿಯಲ್ಲಿ ಅದು ಆಡಳಿತವಾಗಿ ‘ಅಮಲ್ದಾರ’ನೆಂಬ ಅಧಿಕಾರಿಯ ಹೆಸರಾಯಿತು, ಇನ್ನೊಂದರಲ್ಲಿ ತಲೆಗೇರಿದ ಮದವಾಯಿತು. ಆಳುವಿಕೆಗೂ ಮತ್ತಿಗೂ ಒಂದೇ ಹೆಸರು ಸಲ್ಲುವುದು ಶಬ್ದಚರಿತ್ರೆಯ ಆಕಸ್ಮಿಕವೇ ಸರಿ. ಆದರೂ ಈ ಸೀಮೆಯ ಅಬಕಾರಿಯ ಇತಿಹಾಸವನ್ನು ಬಲ್ಲವರಿಗೆ ಅದು ಅರ್ಥವಿಲ್ಲದ ಆಕಸ್ಮಿಕವಾಗಿ ತೋರದು. ಎರಡನೆಯದು ‘ವ್ಯಸನ’. ಸಂಸ್ಕೃತದಲ್ಲಿ ಇದಕ್ಕೆ ಬಿಡಲಾರದ ಚಟವೆಂಬ ಅರ್ಥವೂ ಒದಗಿಬಂದ ವಿಪತ್ತೆಂಬ ಅರ್ಥವೂ ಉಂಟು. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನೂ ಕ್ರೋಧದಿಂದ ಹುಟ್ಟುವ ಎಂಟನ್ನೂ ಎಣಿಸಿ, ಮೊದಲಿನವುಗಳಲ್ಲಿ ಪಾನವನ್ನು ಅತಿ ಕಷ್ಟದ ನಾಲ್ಕರೊಳಗೆ ಸೇರಿಸಿದನು. ವ್ಯಸನಿಯನ್ನು ದೋಷಿಯೆಂದು ಕಾಣಬೇಕೋ ಆಪತ್ತಿಗೆ ಸಿಕ್ಕಿದವನೆಂದು ಕಾಣಬೇಕೋ ಎಂಬ ಇಂದಿನ ವಾದವು ಈ ಒಂದು ಶಬ್ದದ ಹೊಟ್ಟೆಯಲ್ಲಿಯೇ ಅಡಗಿದೆ.

‘ಹದಿಹರೆಯ’ವೆಂಬುದು ಹೊಸ ಕಾಲದ ಪದ. ಆದರೆ ಅದು ಸೂಚಿಸುವ ಅವಸ್ಥೆಯನ್ನು ಹಿಂದಿನವರು ಅರಿಯದೆ ಇರಲಿಲ್ಲ. ನಾರದಸ್ಮೃತಿಯು ಹದಿನಾರು ವರ್ಷದವರೆಗಿನವನನ್ನು ಬಾಲನೆಂದೂ ಪೋಗಂಡನೆಂದೂ ಕರೆದು, ವ್ಯವಹಾರದಲ್ಲಿ ಅವನನ್ನು ಪ್ರೌಢನಿಂದ ಬೇರ್ಪಡಿಸಿತು. ಬಾಣನ ಕಾದಂಬರಿಯಲ್ಲಿ ಮಂತ್ರಿ ಶುಕನಾಸನು ಚಂದ್ರಾಪೀಡನಿಗೆ ಮಾಡುವ ಉಪದೇಶವು ಯೌವನವನ್ನೇ ಒಂದು ಬಗೆಯ ಮತ್ತೆಂದು ಕಾಣುತ್ತದೆ. ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಆ ಪ್ರಸಂಗವು ಕನ್ನಡದ ಓದುಗರಿಗೆ ಚಿರಪರಿಚಿತವಾಗಿದೆ.

೨. ಮಿತಾಕ್ಷರೆಯ ತೀರ್ಪು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ ಕ್ರಿ. ಶ. ೧೦೭೬ರಿಂದ ೧೧೨೬ರ ನಡುವೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕಲಬುರಗಿಗೆ ಸಮೀಪದ ಮರತೂರು ಈತನ ಊರೆಂದು ಪ್ರಸಿದ್ಧವಾಗಿದೆ. ದಾಯಭಾಗದ ವಿಷಯದಲ್ಲಿ ಬಂಗಾಳವನ್ನು ಬಿಟ್ಟು ಭರತಖಂಡದ ಬಹುಭಾಗಕ್ಕೆ ಈ ಗ್ರಂಥವೇ ಪ್ರಮಾಣವಾದುದರಿಂದ ವಿದ್ವಾಂಸರ ಗಮನವೆಲ್ಲ ಅದರ ವ್ಯವಹಾರಾಧ್ಯಾಯದ ಕಡೆಗೇ ಹರಿದಿದೆ. ಪ್ರಾಯಶ್ಚಿತ್ತಾಧ್ಯಾಯದಲ್ಲಿ ಬಾಲರ ಪಾನದೋಷವನ್ನು ಕುರಿತು ನಡೆಯುವ ಚರ್ಚೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಆ ಚರ್ಚೆಯ ಸಾರ ಹೀಗಿದೆ. ಉಪನಯನಕ್ಕೆ ಮೊದಲು ಬಾಲಕನು ಇಷ್ಟಬಂದಂತೆ ನಡೆಯಬಹುದು, ಆಡಬಹುದು, ತಿನ್ನಬಹುದೆಂದು ಗೌತಮನ ಸೂತ್ರವೊಂದು ಅನುಮತಿಸುತ್ತದೆ. ಹಾಗಾದರೆ ಆ ಬಾಲಕನು ಸುರೆಯನ್ನು ಕುಡಿದರೂ ದೋಷವಿಲ್ಲವೇ ಎಂಬುದು ಪೂರ್ವಪಕ್ಷ. ಆ ಸ್ವಾತಂತ್ರ್ಯವು ಸುರಾಪಾನದಂತಹ ಮಹಾಪಾತಕಕ್ಕೆ ಹಬ್ಬದೆಂಬುದು ಸಿದ್ಧಾಂತ. ಎಳೆಯತನವು ಸಣ್ಣಪುಟ್ಟ ನಿಯಮಗಳನ್ನು ಸಡಿಲಿಸಬಲ್ಲದೇ ಹೊರತು ವಿಷವನ್ನು ಅಮೃತವಾಗಿಸಲಾರದು. ಹೀಗೆ ದೋಷವನ್ನು ಒಪ್ಪಿದ ಮೇಲೆ, ಅದರ ಭಾರವನ್ನು ಹೊರತಕ್ಕವರು ಯಾರೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ವ್ಯಾಖ್ಯಾನಕಾರನು ಪೂರ್ವಸ್ಮೃತಿಗಳನ್ನು ಆಧರಿಸಿ ವಯಸ್ಸಿನ ಮೆಟ್ಟಿಲುಗಳನ್ನು ಕಟ್ಟುತ್ತಾನೆ. ಐದು ವರ್ಷ ತುಂಬದ ಮಗುವಿಗೆ ದೋಷವೇ ಇಲ್ಲ. ಐದನ್ನು ದಾಟಿ ಹನ್ನೊಂದು ತುಂಬದವನ ಪರವಾಗಿ ಗುರುವಾಗಲಿ ಆಪ್ತನಾಗಲಿ ಪ್ರಾಯಶ್ಚಿತ್ತವನ್ನು ನಡೆಸತಕ್ಕದ್ದು. ಹದಿನಾರು ತುಂಬದವನಿಗೆ ಪ್ರೌಢನ ಪ್ರಾಯಶ್ಚಿತ್ತದಲ್ಲಿ ಅರ್ಧ ಮಾತ್ರ. ಇನ್ನು ಉಪನಯನವಾಗದ ಬಾಲಕನು ತಿಳಿಯದೆ ಮದ್ಯವನ್ನು ಕುಡಿದ ಪಕ್ಷದಲ್ಲಿ ಅವನ ತಾಯಿ, ಅಣ್ಣ ಅಥವಾ ತಂದೆ ಮೂರು ಕೃಚ್ಛ್ರಗಳನ್ನು ಆಚರಿಸಬೇಕು.

ಕೃಚ್ಛ್ರವೆಂದರೆ ಹನ್ನೆರಡು ದಿನಗಳ ವ್ರತ. ಮೂರು ದಿನ ಹಗಲೂಟ, ಮೂರು ದಿನ ಇರುಳೂಟ, ಮೂರು ದಿನ ಬೇಡದೆ ದೊರೆತುದು, ಕೊನೆಯ ಮೂರು ದಿನ ಉಪವಾಸ. ಇಂತಹ ಮೂರು ಎಂದರೆ ೩೬ ದಿನಗಳಾದುವು. ಮಗನು ಕುಡಿದುದಕ್ಕಾಗಿ ಮನೆಯ ಹಿರಿಯರು ಒಂದು ತಿಂಗಳಿಗೂ ಮಿಕ್ಕಿದ ಕಾಲ ಹೊಟ್ಟೆ ಕಟ್ಟಬೇಕಾಗಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಬಾಲಕನಿಗೆ ವ್ರತಾಚರಣೆಯ ಶಕ್ತಿ ಇಲ್ಲದುದರಿಂದ ಹಿರಿಯನು ಅವನ ಪ್ರತಿನಿಧಿಯಾಗಿ ಆಚರಿಸುತ್ತಾನೆಯೇ ಹೊರತು, ಹಿರಿಯನೇ ಅಪರಾಧಿಯೆಂಬ ಅಭಿಪ್ರಾಯ ಇಲ್ಲಿಲ್ಲವೆಂದು ಹೇಳಬಹುದು. ಈ ಮಾತು ಸರಿಯೇ. ಶಾಸ್ತ್ರವು ಹಿರಿಯನನ್ನು ಕುಡಿಸಿದವನೆಂದು ಕರೆಯುವುದಿಲ್ಲ. ಆದರೆ ಅದು ಬಾಲಕನನ್ನು ಒಂಟಿಯಾಗಿ ನಿಲ್ಲಿಸಿ ವಿಚಾರಿಸುವುದೂ ಇಲ್ಲ. ಅವನ ಪಕ್ಕದಲ್ಲಿ ಉತ್ತರ ಕೊಡತಕ್ಕ ಒಬ್ಬ ಪ್ರೌಢನನ್ನು ಹುಡುಕುತ್ತದೆ. ಎಳೆಯನ ಪಾನವು ಮನೆಯ ವಿಷಯವಾಗುವುದು ಈ ಹುಡುಕಾಟದಿಂದಲೇ. ಈ ವಿಧಿಗಳು ದ್ವಿಜರ ಮನೆಗಳನ್ನು ಕುರಿತುವು. ಊರಿನ ಬಹುಸಂಖ್ಯಾತ ಮಕ್ಕಳು ಅವುಗಳ ಹೊರಗಿದ್ದರು. ಶಾಸ್ತ್ರದ ಎಲ್ಲೆ ಅಷ್ಟೇ ಎಂಬುದನ್ನು ಮುಚ್ಚಿಡುವ ಕಾರಣವಿಲ್ಲ.

ಎಲ್ಲೆಯ ಹೊರಗಿದ್ದವರಿಗೆ ಮಾತು ಬಂದುದು ಮುಂದಿನ ತಲೆಮಾರಿನಲ್ಲಿ. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಅದೇ ಕಲ್ಯಾಣದಲ್ಲಿ ನೆರೆದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನು. ಹೆಂಡ ಮಾರುವುದು ಅವನ ಕಾಯಕವಾಗಿತ್ತೆಂದು ಹೆಸರೇ ಹೇಳುತ್ತದೆ. ಆ ಕಸುಬಿನ ಪರಿಭಾಷೆಯನ್ನೇ ಹಿಡಿದು ಅವನು ಆಧ್ಯಾತ್ಮವನ್ನು ನುಡಿದನು. ಧರ್ಮಶಾಸ್ತ್ರವು ಕುಡಿದವನ ಮನೆಯನ್ನು ನೋಡಿದರೆ, ಮಾರಯ್ಯನ ವಚನಗಳಲ್ಲಿ ಮಾರುವವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ. ಹೊಣೆಯ ವಿಚಾರಕ್ಕೆ ಇವೆರಡೂ ಬೇಕಾದುವು.

೩. ಬಹಮನಿಯರ ಕಾಲ: ನಿಷೇಧವೂ ಬಾಲರಾಜನೂ

ಕ್ರಿ. ಶ. ೧೩೪೭ರಲ್ಲಿ ಅಲ್ಲಾವುದ್ದೀನ್ ಹಸನನು ಬಹಮನಿ ರಾಜ್ಯವನ್ನು ಸ್ಥಾಪಿಸಿದ ಮೇಲೆ ಕಲಬುರಗಿಯು ರಾಜಧಾನಿಯಾಯಿತು. ಅವನ ಮಗ ಮೊದಲನೆಯ ಮಹಮ್ಮದ್ ಷಹನು ೧೩೫೮ರಿಂದ ೧೩೭೫ರವರೆಗೆ ಆಳಿದನು. ದೌಲತಾಬಾದಿನ ಸಂತ ಶೇಖ್ ಜೈನುದ್ದೀನನ ಮಾತಿಗೆ ಓಗೊಟ್ಟು ಈ ಸುಲ್ತಾನನು ರಾಜ್ಯದಲ್ಲಿದ್ದ ಸಾರ್ವಜನಿಕ ಮದ್ಯದ ಭಟ್ಟಿಗಳನ್ನು ಮುಚ್ಚಿಸಿದನೆಂದು ಫೆರಿಷ್ತನು ಬರೆದಿದ್ದಾನೆ. ಕನ್ನಡನಾಡಿನಲ್ಲಿ ಅರಸನ ಆಜ್ಞೆಯಿಂದ ನಡೆದ ಪಾನನಿರೋಧದ ದಾಖಲೆಗಳಲ್ಲಿ ಇದು ಮುಖ್ಯವಾದುದು. ಆಜ್ಞೆಯು ಮಾರಾಟದ ಸ್ಥಳಗಳಿಗೆ ಸಂಬಂಧಿಸಿತ್ತೆಂಬುದನ್ನು ಗಮನಿಸಬೇಕು. ಅರಮನೆಯ ಪಾನಗೋಷ್ಠಿಗೆ ಅದು ಅಡ್ಡಿಯಾಗಲಿಲ್ಲವೆಂಬುದನ್ನು ಆ ವಂಶದ ಮುಂದಿನ ಚರಿತ್ರೆಯೇ ಸಾರುತ್ತದೆ.

ರಾಜಧಾನಿ ಬೀದರಿಗೆ ಹೋದ ತರುವಾಯ ನಡೆದ ಎರಡು ಘಟನೆಗಳು ಪ್ರಕೃತ ವಿಷಯಕ್ಕೆ ನೇರವಾಗಿ ತಾಗುತ್ತವೆ. ಮೂರನೆಯ ಮಹಮ್ಮದ್ ಷಹನು ೧೪೬೩ರಲ್ಲಿ ಪಟ್ಟವೇರಿದಾಗ ಇನ್ನೂ ಹತ್ತರ ಆಸುಪಾಸಿನ ಬಾಲಕನು. ಅವನು ಬೆಳೆದು ಆಳುತ್ತಿದ್ದ ಕಾಲದಲ್ಲಿ ವಜೀರ ಮಹಮೂದ್ ಗಾವಾನನ ವೈರಿಗಳು ಅವನ ಮುದ್ರಾಧಿಕಾರಿಯನ್ನು ಕುಡಿಸಿ ಬರಿಯ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ದ್ರೋಹದ ಪತ್ರವನ್ನು ಸೃಷ್ಟಿಸಿ ಸುಲ್ತಾನನ ಮುಂದಿಟ್ಟರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಣೆಯಿಲ್ಲದೆ ೧೪೮೧ರ ಏಪ್ರಿಲಿನಲ್ಲಿ ಆ ವೃದ್ಧ ಮಂತ್ರಿಯ ತಲೆಯನ್ನು ತೆಗೆಸಿದನು. ಮರುವರ್ಷ ಸುಲ್ತಾನನು ತಾನೂ ಕುಡಿತಕ್ಕೆ ಬಲಿಯಾದನು.

ಬಳಿಕ ಪಟ್ಟಕ್ಕೆ ಬಂದ ಮಹಮೂದ್ ಷಹನಿಗೆ ಆಗ ಹನ್ನೆರಡು ವರ್ಷ. ೧೪೮೨ರಿಂದ ೧೫೧೮ರವರೆಗೆ ಹೆಸರಿಗೆ ಅವನೇ ಸುಲ್ತಾನನಾದರೂ ಅಧಿಕಾರವು ಅಮೀರರ ಕೈಯಲ್ಲಿತ್ತು. ಪಾನ, ನರ್ತನ, ವಿನೋದಗಳಲ್ಲಿ ಮುಳುಗಿದ ಬಾಲರಾಜನು ಅವರಿಗೆ ಅನುಕೂಲವೇ ಆಗಿದ್ದನು. ರಾಜಪಾಲಕರೆನಿಸಿಕೊಂಡವರಲ್ಲಿ ಹುಡುಗನನ್ನು ತಿದ್ದುವುದರಿಂದ ಲಾಭ ಪಡೆಯತಕ್ಕವರು ಯಾರೂ ಇರಲಿಲ್ಲ. ಆ ಆಳ್ವಿಕೆಯಲ್ಲಿಯೇ ಬಿಜಾಪುರ, ಅಹಮ್ಮದನಗರ ಮೊದಲಾದ ಪ್ರಾಂತಗಳು ಕಳಚಿಹೋದುವು. ಈ ಪತನಕ್ಕೆ ಕುಡಿತವೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ದಖನಿಗಳಿಗೂ ಪರದೇಶಿಗಳಿಗೂ ಇದ್ದ ವೈರವು ಅದಕ್ಕಿಂತ ಆಳವಾದುದು. ಆದರೆ ಹರೆಯದವನ ವ್ಯಸನದಿಂದ ಲಾಭ ಪಡೆಯುವ ಹಿರಿಯರು ಸುತ್ತಲಿದ್ದಾಗ ಉಪದೇಶವು ನಿಷ್ಫಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಈ ಸೀಮೆಯ ಚರಿತ್ರೆಯಲ್ಲಿ ವಿರಳ.

೪. ಹೊಗೆಸೊಪ್ಪು ಮತ್ತು ಅಬಕಾರಿ

ಫೆರಿಷ್ತನು ಬಿಜಾಪುರದ ಆಸ್ಥಾನದಲ್ಲಿದ್ದ ದಿನಗಳಲ್ಲಿಯೇ ಅಲ್ಲಿ ಇನ್ನೊಂದು ಮಾದಕವಸ್ತು ಕಾಣಿಸಿಕೊಂಡಿತು. ಮೊಗಲ್ ಚಕ್ರವರ್ತಿ ಅಕ್ಬರನು ಬಿಜಾಪುರಕ್ಕೆ ಕಳುಹಿಸಿದ್ದ ಅಸದ್ ಬೇಗನೆಂಬ ರಾಯಭಾರಿಯು ೧೬೦೪ರ ಸುಮಾರಿಗೆ ಅಲ್ಲಿ ಹೊಗೆಸೊಪ್ಪನ್ನು ಕಂಡು, ಉತ್ತರದಲ್ಲಿ ಅದುವರೆಗೆ ನೋಡಿರದ ವಸ್ತುವೆಂದು ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದನು. ಅಮೆರಿಕೆಯ ಸಸ್ಯವು ಪೋರ್ಚುಗೀಸರಿಂದ ದಖನ್ನಿಗೂ ದಖನ್ನಿನಿಂದ ದಿಲ್ಲಿ ಆಗ್ರಾಗಳಿಗೂ ಸಾಗಿದ ಬಗೆ ಇದು. ಆಸ್ಥಾನದ ವೈದ್ಯನು ಆಕ್ಷೇಪಿಸಿದರೂ ಹೊಸತನದ ಮೋಹವೇ ಗೆದ್ದಿತು. ಜಹಾಂಗೀರನು ೧೬೧೭ರಲ್ಲಿ ಹೊಗೆ ಸೇದುವುದನ್ನು ನಿಷೇಧಿಸಿದರೂ ಬೆಳೆಯೂ ಚಟವೂ ಹಿಂದೆಗೆಯಲಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ವರ್ಣಿಸಿದ ತಾಂಬೂಲಭೋಗದಲ್ಲಿ ಹೊಗೆಸೊಪ್ಪಿಗೆ ಸ್ಥಾನವಿರಲಿಲ್ಲ. ಎಲೆ, ಅಡಕೆ, ಸುಣ್ಣಗಳ ಆ ಹಳೆಯ ಉಪಚಾರದ ಜೊತೆಗೆ ಹೊಗೆಸೊಪ್ಪು ಸೇರಿದ್ದರಿಂದ, ಮನೆಯ ತಟ್ಟೆಯಲ್ಲಿ ಮಾದಕವು ಗೌರವದ ವಸ್ತುವಾಗಿ ನೆಲೆಸಿತು. ಹಿರಿಯರು ಕಿರಿಯರ ಕೈಯಿಂದಲೇ ಎಲೆತಟ್ಟೆ ತರಿಸುವ ಮನೆಗಳಲ್ಲಿ ಆ ರುಚಿ ಕಿರಿಯರಿಗೆ ಬಹುದೂರವಿರಲಿಲ್ಲ.

ಮುಂದೆ ಈ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಿವಾನ ಸಾಲಾರ್ ಜಂಗನ ಕಾಲದಿಂದ ಆಡಳಿತವು ಕ್ರಮಬದ್ಧವಾದಂತೆ, ಭೂಕಂದಾಯದೊಡನೆ ಅಬಕಾರಿಯೂ ಸರ್ಕಾರದ ಮುಖ್ಯ ವರಮಾನಗಳಲ್ಲಿ ಒಂದಾಯಿತು. ಈಚಲು, ತಾಳೆಗಳ ಹೆಂಡ ಮತ್ತು ಹಿಪ್ಪೆಯ ಹೂವಿನಿಂದ ಬಟ್ಟಿ ಇಳಿಸಿದ ಸಾರಾಯಿ ಇದರ ಮೂಲ. ಮಾರಾಟದ ಹಕ್ಕು ಗುತ್ತಿಗೆಗೆ ಹೋಗುತ್ತಿತ್ತು. ಗುತ್ತೇದಾರರೆಂಬ ಅಡ್ಡಹೆಸರು ಕಲಬುರಗಿ ಜಿಲ್ಲೆಯಲ್ಲಿ ಹಬ್ಬಿರುವುದು ಆ ವ್ಯವಸ್ಥೆ ಎಷ್ಟು ಬೇರೂರಿತ್ತೆಂಬುದನ್ನು ನೆನಪಿಸುತ್ತದೆ.

ಅಬಕಾರಿಯ ಲೆಕ್ಕವು ಮರಗಳನ್ನು ಎಣಿಸಿತು, ಅಂಗಡಿಗಳನ್ನು ಎಣಿಸಿತು, ಗುತ್ತಿಗೆಯ ಮೊಬಲಗನ್ನು ಎಣಿಸಿತು. ಕುಡಿಯುವವನ ವಯಸ್ಸು ವರಮಾನದ ಲೆಕ್ಕಕ್ಕೆ ಬೇಕಾದ ಸಂಗತಿಯಾಗಿರಲಿಲ್ಲ. ಮಿತಾಕ್ಷರೆಯು ಐದು, ಹನ್ನೊಂದು, ಹದಿನಾರೆಂದು ಕಟ್ಟಿದ ಮೆಟ್ಟಿಲುಗಳು ಇಲ್ಲಿ ಅಳಿಸಿಹೋದುವು. ಹೆಂಡದ ಗಡಿಗೆಯ ಮುಂದೆ ಬಾಲನೂ ಒಬ್ಬ ಗಿರಾಕಿ. ಅಥವಾ ಅಪ್ಪನಿಗಾಗಿ ಚೊಂಬು ಹಿಡಿದು ಬಂದ ಆಳು. ಹೊಣೆಯನ್ನು ಹೊರತಕ್ಕ ಹಿರಿಯನ ಸ್ಥಾನದಲ್ಲಿ ಸರ್ಕಾರವೇ ಇರಬೇಕಾದಾಗ, ಆ ಸರ್ಕಾರವು ಮಾರಾಟದ ಪಾಲುದಾರನಾಗಿತ್ತು. ಬಹಮನಿಯ ಬಾಲರಾಜನ ಪಾಲಕರಿಗೂ ಇದಕ್ಕೂ ಇರುವ ಸಾಮ್ಯವನ್ನು ವಾಚಕರು ತಾವೇ ಊಹಿಸಬಲ್ಲರು.

೫. ಈಚಲಮರದ ಸತ್ಯಾಗ್ರಹ

ಈ ವ್ಯವಸ್ಥೆಗೆ ಬಿದ್ದ ಬಲವಾದ ಪೆಟ್ಟು ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿ ಒದಗಿತು. ೧೯೪೭ರ ಆಗಸ್ಟಿನಲ್ಲಿ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸಂಸ್ಥಾನದ ಕಾಂಗ್ರೆಸ್ಸು ಭಾರತ ಒಕ್ಕೂಟಕ್ಕೆ ಸೇರಬೇಕೆಂಬ ಚಳವಳಿಯನ್ನು ಹೂಡಿತು. ವಿದ್ಯಾರ್ಥಿಗಳು ಶಾಲೆ ಕಾಲೇಜುಗಳನ್ನು ತೊರೆದು ಅದಕ್ಕೆ ಸೇರಿದರು. ಗಡಿಯಾಚೆ ಶಿಬಿರಗಳು ನೆಲೆಗೊಂಡುವು. ಕನ್ನಡ ಸೀಮೆಗೆ ಮುಂಡರಗಿಯ ಶಿಬಿರವು ಹೆಸರಾದುದು. ಚಳವಳಿಯ ಕಾರ್ಯಕ್ರಮಗಳಲ್ಲಿ ಶಿಂದಿಯ ಮರಗಳನ್ನು ಕಡಿಯುವುದೂ ಒಂದಾಗಿತ್ತು. ಸರ್ಕಾರದ ವರಮಾನವನ್ನು ಬುಡದಲ್ಲಿಯೇ ಕತ್ತರಿಸುವುದು ಅದರ ರಾಜಕೀಯ ಉದ್ದೇಶ. ಪಾನನಿರೋಧವು ಗಾಂಧೀಜಿಯವರ ರಚನಾತ್ಮಕ ಕಾರ್ಯಗಳಲ್ಲಿ ಒಂದಾಗಿದ್ದುದರಿಂದ ಅದಕ್ಕೊಂದು ನೈತಿಕ ಬಲವೂ ಕೂಡಿತ್ತು.

ಈ ಪ್ರಸಂಗದ ವಿಶೇಷವೆಂದರೆ, ಹರೆಯದವರು ಇಲ್ಲಿ ಚರಿತ್ರೆಯ ಕರ್ತೃಗಳಾಗಿ ಕಾಣುತ್ತಾರೆ. ವ್ಯಸನಕ್ಕೆ ಸುಲಭವಾಗಿ ಈಡಾಗುವ ವಯಸ್ಸೇ ಸಾಹಸಕ್ಕೂ ತ್ಯಾಗಕ್ಕೂ ಸುಲಭವಾಗಿ ಏಳುತ್ತದೆಂಬುದು ಇದರಿಂದ ಸ್ಪಷ್ಟ. ಇಂದಿನ ಶರೀರಶಾಸ್ತ್ರವು ಇದಕ್ಕೆ ಆಧಾರವನ್ನು ಒದಗಿಸಿದೆ. ಮಿದುಳಿನಲ್ಲಿ ಸುಖವನ್ನೂ ಹೊಸತನ್ನೂ ಅರಸುವ ಭಾಗಗಳು ಹರೆಯದಲ್ಲಿ ಬೇಗನೆ ಚುರುಕಾಗುತ್ತವೆ. ಮುಂದಾಲೋಚನೆ, ಸಂಯಮಗಳಿಗೆ ನೆಲೆಯಾದ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಈ ಅಂತರದಲ್ಲಿ ಒಳಹೊಕ್ಕ ಮಾದಕವು ಆಳವಾಗಿ ಬೇರು ಬಿಡುತ್ತದೆ. ಎಷ್ಟು ಎಳೆಯ ವಯಸ್ಸಿನಲ್ಲಿ ತೊಡಗುವುದೋ ಮುಂದೆ ಅಷ್ಟು ಹೆಚ್ಚಾಗಿ ಅದಕ್ಕೆ ಅಧೀನರಾಗುವ ಸಂಭವವಿರುತ್ತದೆ.

೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ವಿಮುಕ್ತವಾಯಿತು. ೧೯೫೦ರ ಸಂವಿಧಾನದ ೪೭ನೆಯ ಅನುಚ್ಛೇದವು ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಸಾರಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಮರ ಕಡಿದ ತಲೆಮಾರು ಅಧಿಕಾರಕ್ಕೆ ಬಂದ ಮೇಲೂ ಅಬಕಾರಿಯು ಖಜಾನೆಯ ಆಧಾರವಾಗಿಯೇ ಉಳಿಯಿತು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಅದರ ಸ್ಥಳವನ್ನು ಅಗ್ಗದ ಇತರ ಮದ್ಯಗಳು ಆಕ್ರಮಿಸಿದುವು. ಇಂದು ರಾಜ್ಯದ ಅಬಕಾರಿ ವರಮಾನವು ವರ್ಷಕ್ಕೆ ೩೦,೦೦೦ ಕೋಟಿ ರೂಪಾಯಿಗಳಿಗೂ ಮಿಕ್ಕಿದೆ.

೬. ಇಂದಿನ ನಗರ ಮತ್ತು ಕಮಲಾಪುರ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಮುಂದೆ ಬಸವಕಲ್ಯಾಣಕ್ಕೂ ಮಹಾರಾಷ್ಟ್ರದ ಗಡಿಗೂ ಹೋಗುವವರು ಈ ದಾರಿಯನ್ನೇ ಹಿಡಿಯುತ್ತಾರೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದರ ಕೇಂದ್ರ. ಸುತ್ತಲಿನದು ತೊಗರಿ ಬೆಳೆಯುವ ಮಳೆಯಾಶ್ರಿತ ಭೂಮಿ. ಮಳೆ ತಪ್ಪಿದ ವರ್ಷಗಳಲ್ಲಿ ದುಡಿಯುವವರು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವುದು ಹಳೆಯ ರೂಢಿ. ಹಿಂದುಳಿದ ಮಕ್ಕಳು ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆಯುತ್ತಾರೆ. ಜೊತೆಯಲ್ಲಿ ಹೋದವರು ಶಾಲೆ ಬಿಡುತ್ತಾರೆ. ಮಿತಾಕ್ಷರೆಯು ಹೆಸರಿಸಿದ ತಾಯಿ, ಅಣ್ಣ, ತಂದೆಗಳು ವರ್ಷದ ಬಹುಭಾಗ ಮನೆಯಲ್ಲಿಯೇ ಇಲ್ಲದಿರುವ ಸ್ಥಿತಿ ಇದು.

ಗಡಿಯ ದಾರಿ ಸರಕನ್ನೂ ತರುತ್ತದೆ. ೨೦೨೦ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯ ಕುರಿಸಾಕಣೆಯ ತಾಣವೊಂದರಲ್ಲಿ ನೆಲದಡಿ ಹೂತಿಟ್ಟಿದ್ದ ಸುಮಾರು ೧,೩೫೦ ಕಿಲೋಗ್ರಾಂ ಗಾಂಜಾವನ್ನು ವಶಪಡಿಸಿಕೊಂಡರು. ಅದು ಒಡಿಶಾದಿಂದ ಬಂದ ಮಾಲು. ೨೦೨೨ರ ಸೆಪ್ಟೆಂಬರಿನಲ್ಲಿ ಕಮಲಾಪುರದ ವೃತ್ತನಿರೀಕ್ಷಕರು ಗಾಂಜಾದ ಜಾಡು ಹಿಡಿದು ಗಡಿ ದಾಟಿ ಮಹಾರಾಷ್ಟ್ರದ ಉಮರ್ಗಾ ಭಾಗಕ್ಕೆ ಹೋದಾಗ ಗುಂಪೊಂದು ಅವರ ಮೇಲೆ ಬಿದ್ದು ಪ್ರಾಣಾಂತಿಕವಾಗಿ ಗಾಯಗೊಳಿಸಿತು. ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಒಯ್ದು ಚಿಕಿತ್ಸೆ ಕೊಡಿಸಬೇಕಾಯಿತು. ಕಮಲಾಪುರದಂತಹ ಸಣ್ಣ ಊರಿಗೂ ಈ ವ್ಯಾಪಾರದ ಜಾಲವು ಎಷ್ಟು ಹತ್ತಿರವಾಗಿದೆಯೆಂಬುದನ್ನು ಈ ಎರಡು ಘಟನೆಗಳು ತೋರಿಸುತ್ತವೆ.

ಆದರೆ ಎಳೆಯರ ಕೈಗೆ ಮೊದಲು ಬರುವುದು ಗಾಂಜಾವಲ್ಲ. ಅಂಗಡಿಯಲ್ಲಿ ತೂಗುವ ಗುಟಕಾ, 'ಮಾವಾ', ಬೀಡಿ, ಸಿಗರೇಟುಗಳು ಮೊದಲ ಮೆಟ್ಟಿಲು. ಕರ್ನಾಟಕವು ೨೦೧೩ರ ಮೇ ತಿಂಗಳಿನಲ್ಲಿ ಗುಟಕಾವನ್ನು ನಿಷೇಧಿಸಿದ ಬಳಿಕ ಪಾನ್ ಮಸಾಲೆಯ ಚೀಟಿಯೂ ಹೊಗೆಸೊಪ್ಪಿನ ಚೀಟಿಯೂ ಬೇರೆಬೇರೆಯಾಗಿ ಬಂದುವು. ಕೊಳ್ಳುವವನ ಅಂಗೈಯಲ್ಲಿ ಎರಡೂ ಕೂಡುತ್ತವೆ. ಅದಕ್ಕಿಂತ ಬಡವಾದ ಮಾದಕ ಇನ್ನೊಂದುಂಟು. ಬರಹ ಅಳಿಸುವ ವೈಟ್ನರ್, ಬಣ್ಣಕ್ಕೆ ಬೆರೆಸುವ ಥಿನ್ನರ್, ಪಂಕ್ಚರ್ ಹಾಕುವ ಅಂಟು ಇವುಗಳನ್ನು ಬಟ್ಟೆಗೆ ಸುರಿದು ಮೂಸುವ ಚಟವು ಬೀದಿಯ ಮಕ್ಕಳಲ್ಲಿ ಹಬ್ಬಿದುದರಿಂದ, ಸೀಸೆಯಲ್ಲಿ ಬರುವ ವೈಟ್ನರ್ ಹಾಗೂ ಥಿನ್ನರುಗಳ ಚಿಲ್ಲರೆ ಮಾರಾಟವನ್ನು ಕೇಂದ್ರ ಸರ್ಕಾರವು ೨೦೧೨ರಲ್ಲಿ ನಿಷೇಧಿಸಿತು. ಕೇಂದ್ರದ ಸಾಮಾಜಿಕ ನ್ಯಾಯ ಖಾತೆಯು ದಿಲ್ಲಿಯ ಏಮ್ಸ್ ಸಂಸ್ಥೆಯ ಮೂಲಕ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯು ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಹೊರಗೆಡಹಿತು. ಮದ್ಯ, ಗಾಂಜಾ, ಅಫೀಮುಗಳೆಲ್ಲ ಪ್ರೌಢರಲ್ಲಿಯೇ ಹೆಚ್ಚು. ಮೂಸುವ ಮಾದಕ ಮಾತ್ರ ಪ್ರೌಢರಲ್ಲಿ ನೂರಕ್ಕೆ ೦.೫೮ರಷ್ಟಿದ್ದರೆ ೧೦ರಿಂದ ೧೭ ವರ್ಷದ ಮಕ್ಕಳಲ್ಲಿ ೧.೧೭ರಷ್ಟಿದೆ. ಪ್ರೌಢರ ಮಾದಕಕ್ಕೆ ಲೈಸೆನ್ಸು, ಹರಾಜು, ವರಮಾನಗಳ ಚರಿತ್ರೆ ಉಂಟು. ಮಕ್ಕಳ ಈ ಮಾದಕವು ಆ ಚರಿತ್ರೆಯ ಹೊರಗಿದ್ದು, ಸ್ಟೇಷನರಿ ಅಂಗಡಿ, ಗ್ಯಾರೇಜುಗಳ ಕಪಾಟಿನಲ್ಲಿ ಬೇರೊಂದು ಹೆಸರಿನಿಂದ ಕುಳಿತಿದೆ.

೨೦೧೯ರಲ್ಲಿಯೇ ನಡೆದ ತಂಬಾಕಿನ ಸಮೀಕ್ಷೆಯಲ್ಲಿ ಭಾರತದ ೧೩ರಿಂದ ೧೫ ವರ್ಷದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೮.೫ ಮಂದಿ ತಂಬಾಕು ಬಳಸುವವರೆಂದೂ, ಕರ್ನಾಟಕದಲ್ಲಿ ಆ ಪ್ರಮಾಣವು ೧.೨ ಮಾತ್ರವೆಂದೂ ಕಂಡುಬಂದಿತು. ಈ ಅಂಕಿಯಿಂದ ಸಮಾಧಾನ ತಾಳುವ ಮುನ್ನ, ಅದು ಶಾಲೆಯೊಳಗಿನ ಎಣಿಕೆಯೆಂಬುದನ್ನು ನೆನೆಯಬೇಕು. ಗ್ಯಾರೇಜಿನಲ್ಲಿ, ಚಹದಂಗಡಿಯಲ್ಲಿ, ಚಿಂದಿ ಆಯುವ ಕೆಲಸದಲ್ಲಿ, ಗುಳೆ ಹೋದ ಕುಟುಂಬದ ಜೋಪಡಿಯಲ್ಲಿ ಇರುವ ಹುಡುಗನು ಆ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಅಬಕಾರಿಯ ಪಟ್ಟಿಯಲ್ಲಿ ವಯಸ್ಸು ಕಾಣದಂತೆ, ಇಂದು ವಯಸ್ಸನ್ನೇ ಹಿಡಿದ ಪಟ್ಟಿಯಲ್ಲಿ ಈ ಹುಡುಗನು ಕಾಣುವುದಿಲ್ಲ.

೭. ಶಾಸನದಲ್ಲಿ ಮರಳಿದ ಹೊಣೆ

ಇನ್ನು ಇಂದಿನ ಕಾನೂನಿನ ಕಡೆಗೆ ತಿರುಗಬಹುದು. ೧೯೮೫ರ ಮಾದಕವಸ್ತುಗಳ ಅಧಿನಿಯಮವು ಮುಖ್ಯವಾಗಿ ದಂಡನೆಯ ಶಾಸನ. ಆದರೂ ಚಟಕ್ಕೆ ಬಿದ್ದವನು ತಾನಾಗಿಯೇ ಚಿಕಿತ್ಸೆಗೆ ಒಪ್ಪಿದರೆ, ಅಲ್ಪ ಪ್ರಮಾಣದ ಅಪರಾಧಕ್ಕೆ ವಿಚಾರಣೆಯಿಂದ ಅವನಿಗೆ ವಿನಾಯಿತಿ ಕೊಡುವ ಕಲಮು ಅದರಲ್ಲಿ ಉಂಟು. ೨೦೦೩ರ ತಂಬಾಕು ಕಾಯಿದೆಯು ೧೮ ತುಂಬದವರಿಗೆ ಮಾರುವುದನ್ನು ನಿಷೇಧಿಸಿತು. ಕರ್ನಾಟಕವು ೨೦೨೪ರಲ್ಲಿ ಅಂಗೀಕರಿಸಿ ೨೦೨೫ರಲ್ಲಿ ಜಾರಿಗೆ ತಂದ ತಿದ್ದುಪಡಿಯು ಆ ವಯಸ್ಸನ್ನು ೨೧ಕ್ಕೆ ಏರಿಸಿ ಹುಕ್ಕಾ ಬಾರುಗಳನ್ನು ಮುಚ್ಚಿಸಿತು.

ಎಲ್ಲಕ್ಕಿಂತ ಪ್ರಕೃತವಾದುದು ೨೦೧೫ರ ಬಾಲನ್ಯಾಯ ಅಧಿನಿಯಮ. ಮಾದಕವ್ಯಸನಕ್ಕೋ ಅದರ ಸಾಗಾಟಕ್ಕೋ ಸೆಳೆಯಲ್ಪಡುವ ಅಪಾಯದಲ್ಲಿರುವ ಮಗುವನ್ನು ಅದು ಪಾಲನೆ ಪೋಷಣೆ ಬೇಕಾದ ಮಗುವೆಂದು ಎಣಿಸಿ, ಮಕ್ಕಳ ಕಲ್ಯಾಣ ಸಮಿತಿಯ ಆಶ್ರಯಕ್ಕೆ ಒಪ್ಪಿಸುತ್ತದೆ. ಅದರ ೭೭ನೆಯ ಕಲಮಿನಂತೆ, ವೈದ್ಯನ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನಾಗಲಿ ಮಾದಕವನ್ನಾಗಲಿ ತಂಬಾಕನ್ನಾಗಲಿ ಕೊಟ್ಟವನಿಗೆ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆಯೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ವಿಧಿಸಲ್ಪಡಬಹುದು. ಮಗುವನ್ನು ಮಾದಕದ ಮಾರಾಟಕ್ಕೆ ಬಳಸಿಕೊಂಡವನಿಗೂ ೭೮ನೆಯ ಕಲಮು ಅಷ್ಟೇ ಶಿಕ್ಷೆಯನ್ನು ಇಟ್ಟಿದೆ.

ಮಿತಾಕ್ಷರೆಗೂ ಈ ಶಾಸನಕ್ಕೂ ಇರುವ ಭೇದಗಳು ಸ್ಪಷ್ಟ. ಅಲ್ಲಿನ ವಿಧಿಯು ಜಾತಿಯ ಎಲ್ಲೆಯೊಳಗಿನದು. ಇಲ್ಲಿನದು ಎಲ್ಲ ಮಕ್ಕಳದು. ಅಲ್ಲಿ ಹೊಣೆ ಹೊತ್ತವನು ಮನೆಯ ಹಿರಿಯನು. ಇಲ್ಲಿ ಕೊಟ್ಟವನು, ಮಾರಿದವನು, ಕೊನೆಗೆ ಸರ್ಕಾರ. ಆದರೆ ಎರಡೂ ಒಂದೇ ಬುನಾದಿಯ ಮೇಲೆ ನಿಂತಿವೆ. ಎಳೆಯನ ದೋಷವನ್ನು ದೋಷವೆಂದೇ ಹೇಳುತ್ತ, ಅದರ ಲೆಕ್ಕವನ್ನು ಪ್ರೌಢನಿಂದ ಕೇಳುವುದೇ ಆ ಬುನಾದಿ. ನಡುವಿನ ಶತಮಾನಗಳಲ್ಲಿ ಈ ಲೆಕ್ಕ ಕೇಳುವವರಿರಲಿಲ್ಲ. ಇದ್ದವರಲ್ಲಿ ಅನೇಕರು ಲಾಭದ ಪಾಲುದಾರರಾಗಿದ್ದರು.

ಈ ದೃಷ್ಟಿಯಿಂದ ನೋಡಿದರೆ, ಹುಡುಗನೊಬ್ಬನು ಮತ್ತಿನಲ್ಲಿ ಸಿಕ್ಕಿದಾಗ ಶಾಲೆಯೂ ಮನೆಯೂ ಠಾಣೆಯೂ ಕೇಳತಕ್ಕ ಮೊದಲ ಪ್ರಶ್ನೆ ಬದಲಾಗಬೇಕಾಗುತ್ತದೆ. ಅವನು ಏಕೆ ಕುಡಿದನೆಂದು ಕೇಳುವುದಕ್ಕೆ ಮೊದಲು, ಅವನಿಗೆ ಅದು ಎಲ್ಲಿ ದೊರೆಯಿತು, ಆಗ ಅವನ ಜೊತೆಗೆ ಯಾವ ಹಿರಿಯರಿದ್ದರು, ಯಾರೂ ಇರಲಿಲ್ಲವಾದರೆ ಏಕೆ ಇರಲಿಲ್ಲ ಎಂದು ವಿಚಾರಿಸತಕ್ಕದ್ದು. ಅವನನ್ನು ಶಾಲೆಯಿಂದ ಹೊರಹಾಕುವುದು ಸುಲಭ. ಆದರೆ ಹಾಗೆ ಮಾಡಿದ ಶಾಲೆಯು ಎಣಿಕೆಗೆ ಸಿಗದವರ ಸಾಲಿಗೆ ಇನ್ನೊಬ್ಬನನ್ನು ಸೇರಿಸಿದಂತಾಗುತ್ತದೆ. ಮರತೂರಿನ ಪಂಡಿತನು ಬಾಲಕನನ್ನು ಮನೆಯಿಂದ ಹೊರಗೆ ಕಳುಹಿಸೆಂದು ವಿಧಿಸಲಿಲ್ಲ. ಹುಡುಗನನ್ನು ಮನೆಯಲ್ಲಿಯೇ ಇಟ್ಟುಕೊಂಡು ಮೂವತ್ತಾರು ದಿನಗಳ ವ್ರತವನ್ನು ಹಿರಿಯರು ಹಿಡಿಯಬೇಕೆಂದು ವಿಧಿಸಿದನು. ವ್ರತದ ಕಾಲ ಕಳೆದುಹೋಯಿತು. ಅದರ ಹಿಂದಿನ ನ್ಯಾಯವು ಕಲಬುರಗಿಯ ಬೀದಿಗಳಿಗೂ ಕಮಲಾಪುರದ ಹಳ್ಳಿಗಳಿಗೂ ಇಂದಿಗೂ ಅನ್ವಯಿಸುವಂಥದು.